ಮೇಷ್ಟ್ರ ಇಂಜಿನ್ನಿನ ನಂಬರು

ನಮ್ಮ ಮನೆಯಲ್ಲಿ ಕಸವನ್ನು ಹೊರಗೆ ಎಸೆಯುವಂತಿರಲಿಲ್ಲ. ಅಪ್ಪ ಕೂತು ಕೆಲಸ ಮಾಡುತ್ತಿದ್ದ ಬೀದಿ ಕಡೆಯ ಕೋಣೆಯನ್ನು ಗುಡಿಸಿದರೆ ಆ ದೂಳನ್ನು ಮೊರದಲ್ಲಿ ಬಳಿದು ಒಂದು ಹಳೇ ಎಣ್ಣೆ ಡಬ್ಬಕ್ಕೆ ತುಂಬಬೇಕು. ಕೈ ತೊಳೆದ ನೀರು ಬಚ್ಚಲಿಗೆ ಹೋಗಬಾರದು, ಬಕೆಟ್ಟಿನಲ್ಲೇ ನಿಂತು ತಿಳಿಯಾಗಬೇಕು. ಕೋಣೆಯಿಂದ ಆಚೆ ಕಾಲಿಡುವ ಮುಂಚೆ ಅಂಗಾಲನ್ನು ಗೋಣಿತಾಟಿಗೆ ಒರೆಸಬೇಕು, ವರ್ಷಕ್ಕೊಮ್ಮೆ ಆ ತಾಟನ್ನೂ ಸುಟ್ಟು ಬೂದಿ ಎತ್ತಿಡಬೇಕು. ಚಿನ್ನದ ಕೆಲಸದವರ ಮನೆಗಳಲ್ಲಿ ಇದೆಲ್ಲ ಮಾಮೂಲು. ದೂಳಿನಲ್ಲಿ ಚಿನ್ನ ಇರುತ್ತದೆ. ಆದರೆ ಆಟದ ಮಧ್ಯೆ ನೀರು ಕುಡಿಯಲು ಓಡಿಬಂದಾಗಲೆಲ್ಲ “ಕಾಲು, ಕಾಲು” ಎಂದು ಗದರಿಸಿಕೊಳ್ಳುವುದು ಒಂದು ಹುಡುಗಿಗೆ ಎಷ್ಟು ಕಿರಿಕಿರಿ ಎಂಬುದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಪಾಂಡವಪುರದ ನಮ್ಮ ಬೀದಿಯ ಬೇರೆ ಮಕ್ಕಳು ಮಣ್ಣುಗಾಲಲ್ಲೇ ಒಳಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಕಾಲು ಉಜ್ಜುತ್ತಿದ್ದೆ.

ಒಂದರ ಹಿಂದೆ ಒಂದು ಮೂರು ಕೋಣೆ, ಅಷ್ಟೇ ಮನೆ. ಮುಂದಿನದು ಅಪ್ಪನದು. ಇದ್ದಿಲಿನ ಅಗ್ಗಿಷ್ಟಿಕೆ, ಊದುಕೊಳವೆ, ಚಿಮಟ, ಒಡವೆ ಕೂರಿಸುವ ಅರಗಿನ ದಿಮ್ಮಿ, ಗೋಡೆಗೆ ಸಿಕ್ಕಿಸಿದ ಉಜ್ಜುವ ಅರಗಳು. ನಡುವಿನ ಕೋಣೆಯಲ್ಲಿ ದೇವರು, ಊಟ, ನಿದ್ದೆ. ಹಿಂದಿನದು ಅಡುಗೆಮನೆ, ಅಮ್ಮನದು. ಅದರಾಚೆ ಹಿತ್ತಲಲ್ಲಿ ಹಂಡೆ ಒಲೆ. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಸೀದ ಬೆಲ್ಲದ ವಾಸನೆ ಮೂರೂ ಕೋಣೆಗಳಲ್ಲಿ ತುಂಬಿ, ಸಾರಿಗೂ ಅದೇ ವಾಸನೆ ಹತ್ತಿದಂತಾಗುತ್ತಿತ್ತು. ಬೆಳಿಗ್ಗೆ ಅಪ್ಪ ಸ್ನಾನ ಮಾಡಿ ಜನಿವಾರ ಸರಿಮಾಡಿಕೊಂಡು ಅಗ್ಗಿಷ್ಟಿಕೆಗೂ ಸುತ್ತಿಗೆಗೂ ಕುಂಕುಮವಿಟ್ಟ ಮೇಲೆ ಆ ಕೋಣೆಯಲ್ಲಿ ಯಾರೂ ಜೋರಾಗಿ ಮಾತಾಡಕೂಡದು. ಅಮಾವಾಸ್ಯೆ ಒಂದು ದಿನ ಮಾತ್ರ ಕೆಲಸಕ್ಕೆ ರಜ. ಆ ದಿನ ಅಪ್ಪ ಏನು ಮಾಡಬೇಕೆಂದು ತಿಳಿಯದೆ ಅಮ್ಮನ ಹಿಂದೆ ಸುತ್ತಿ, ಒಗ್ಗರಣೆಗೆ ಸಾಸಿವೆ ಜಾಸ್ತಿಯಾಯಿತು ಎಂದು ಜಗಳ ತೆಗೆಯುತ್ತಿದ್ದ.

ನನ್ನ ಪಾಲಿನ ಕೆಲಸ ತೊಳೆಯುವುದು. ಅಂಟುವಾಳದ ಕಾಯಿ ನೆನೆಹಾಕಿ, ಆ ನೊರೆಯಲ್ಲಿ ಬ್ರಷ್ಷು ಅದ್ದಿ, ಕಾಲುಂಗುರ, ಓಲೆ, ತಾಳಿಯ ಗುಂಡು ಎಲ್ಲ ಉಜ್ಜಿ ಹೊಳಪು ಬರಿಸಬೇಕು. ಬರೀ ಕೊಕ್ಕೆ ಬೆಸೆಯಲು ಬಂದ ಸರವಾದರೂ ಸರಿ, ತೊಳೆಯದೆ ವಾಪಸ್ಸು ಕೊಡುವ ಮಾತೇ ಇಲ್ಲ.

“ಬೇರೇರ್ ಮನೆ ಕೊಳೆ ನಮ್ ಮನೆಯಿಂದ ಆಚೆಗೆ ಓಗ್ಬಾರ್ದು ಕಣಮ್ಮಿ,” ಎನ್ನುತ್ತಿದ್ದ ಅಪ್ಪ. “ನಮ್ ಕೈ ದಾಟ್ತು ಅಂದ್ರೆ ಒಳೀತಾ ಓಗ್ಬೇಕು.”

ತೊಳೆದ ಮೇಲೆ ಅಪ್ಪನಿಗೆ ಒಂದು ಖುಷಿ ಇತ್ತು. ಹಳೇ ಒಡವೆಗಳ ಹಿಂಬದಿಯಲ್ಲಿ, ಮಾಡಿದವನು ಹೊಡೆದ ಸಣ್ಣ ಗುರುತು ಇರುತ್ತದೆ. ವರ್ಷಗಟ್ಟಲೆ ಮೈಬೆವರು, ಅರಿಶಿನ ಕೂತು ಮುಚ್ಚಿಹೋಗಿದ್ದ ಆ ಅಚ್ಚು ಅಂಟುವಾಳದ ನೀರು ಬಿದ್ದೊಡನೆ ಎದ್ದು ಕಾಣುತ್ತಿತ್ತು. ಅಪ್ಪ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಇದು ನಾಗಮಂಗಲದವರ ಕೈ, ಇದು ಕೆ.ಆರ್. ಪೇಟೆ ಕಡೆಯದು, ಇದನ್ನು ಮಾಡಿದವನಿಗೆ ಎಡಗೈ ವಾಟ ಎಂದೆಲ್ಲ ಹೇಳುತ್ತಿದ್ದ. ಅಪ್ಪ ಶಾಲೆಗೆ ಹೋದದ್ದು ಕಡಿಮೆ. ಅವನ ಲೆಕ್ಕದಲ್ಲಿ ಬರಹ ಎಂದರೆ ಲೋಹದಲ್ಲಿ ಒತ್ತಿದ್ದು. ಕೊಳೆ ತೆಗೆದಷ್ಟೂ ಅದು ಸ್ಪಷ್ಟವಾಗಬೇಕು. ನಡೆದದ್ದೆಲ್ಲ ಈ ಒಂದು ನಂಬಿಕೆಯಿಂದ ನಡೆಯಿತು ಎಂದು ಈಗ ಅನ್ನಿಸುತ್ತದೆ, ಅನ್ನಿಸಿದಾಗಲೆಲ್ಲ ಸಿಟ್ಟು ಬರುತ್ತದೆ.

ತಿರುನಾರಾಯಣ ಮೇಷ್ಟ್ರು ನಮ್ಮ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಅವರ ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ, ದೇವಸ್ಥಾನದ ಸೇವೆ ಮಾಡುವವರ ಬೀದಿಯಲ್ಲಿ. ದಿನಾ ರೈಲಿನಲ್ಲಿ ಬಂದು, ಊರಾಚೆಯ ಸ್ಟೇಷನ್ನಿನಿಂದ ಕೊಡೆ ಹಿಡಿದು ನಡೆದು ಬರುತ್ತಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. ಮೇಷ್ಟ್ರು ಮನೆಗೆ ಬಂದರೆಂದು ನಾನು ಹೆದರಿ ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಅವರು ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ ಒಂದು ವಸ್ತು ತೆಗೆದು ಅಪ್ಪನ ಮುಂದಿಟ್ಟರು. ಒಂದು ಗೇಣುದ್ದದ ರೈಲು ಇಂಜಿನ್ನು. ಆಟದ ಸಾಮಾನಿನಂತಿರಲಿಲ್ಲ. ಬಾಗಿಲು, ಕಿಟಕಿ, ಏಣಿ, ಕೂಗುವ ಕೊಂಬು, ಅಕ್ಕಪಕ್ಕ ದಾರದಷ್ಟು ತೆಳ್ಳಗಿನ ಕೈಹಿಡಿ, ಎಲ್ಲವೂ ಇದ್ದವು. ನಮ್ಮ ಕಡೆ ಓಡುವ ಡೀಸೆಲ್ ಇಂಜಿನ್ನಿನ ಹಾಗೂ ಇತ್ತು, ಅಲ್ಲದ ಹಾಗೂ ಇತ್ತು.

“ಆಚಾರ್ರೆ, ಎರಡು ಕೆಲಸ ಇದೆ,” ಎಂದರು ಮೇಷ್ಟ್ರು. “ಈ ಪಕ್ಕದ ಕಂಬಿ ಕಿತ್ತುಬಂದಿದೆ, ಬೆಸೆದುಕೊಡಿ. ಇನ್ನೊಂದು ಅದಕ್ಕಿಂತ ಮುಖ್ಯ. ಡ್ರೈವರು ಕೂರೋ ಕ್ಯಾಬಿದೆಯಲ್ಲ, ಅದರ ಕಿಟಕಿ ಕೆಳಗೆ ಏನೋ ನಂಬರಿದೆ. ಉದ್ದಕ್ಕೆ ಏನೋ ಹೆಸರೂ ಇದೆ. ಜಿಡ್ಡು ಹಿಡಿದು ನನ್ನ ಕಣ್ಣಿಗೆ ಕಾಣಿಸ್ತಿಲ್ಲ. ನಿಮ್ಮ ಮಸೂರದಲ್ಲಿ ನೋಡಿ ಬರೆದಿಡಿ.”

ಆಮೇಲೆ ಮಿಕ್ಕದ್ದನ್ನೂ ಹೇಳಿದರು. ಅವರ ತಮ್ಮ ಸಂಪತ್ತು ಮನೆಯಲ್ಲಿ ಜಗಳವಾಡಿ ಹೋಗಿ ಸರಕಿನ ಹಡಗಿನಲ್ಲಿ ಕೆಲಸಕ್ಕೆ ಸೇರಿದ್ದ. ಆರು ವರ್ಷ ಒಂದು ಕಾಗದವಿಲ್ಲ. ಈಗ ಈ ಪಾರ್ಸೆಲ್ಲು ಬಂದಿದೆ. ಒಳಗೆ ಈ ಇಂಜಿನ್ನು ಬಿಟ್ಟರೆ ಒಂದು ಚೀಟಿಯೂ ಇಲ್ಲ. ಮೇಲೆ ಅವನ ಕೈಬರಹದಲ್ಲಿ ಇವರ ವಿಳಾಸ ಮಾತ್ರ ಉಳಿದಿದೆ, ಕಳಿಸಿದ ಊರು, ಮೊಹರು ಎಲ್ಲ ನೀರು ಬಿದ್ದು ಕಲಸಿಹೋಗಿದೆ.

“ಹುಡುಗರಾಗಿದ್ದಾಗ ನಾವಿಬ್ಬರೂ ಸ್ಟೇಷನ್ನಿಗೆ ಹೋಗಿ ಇಂಜಿನ್ನುಗಳ ನಂಬರು ಬರ್ಕೋತಿದ್ವಿ. ಅದಕ್ಕೇ ಕಳಿಸಿದಾನೆ. ಈ ನಂಬರು ಗೊತ್ತಾದ್ರೆ ಯಾವ ರೈಲ್ವೆ ಅಂತ ಗೊತ್ತಾಗತ್ತೆ. ಯಾವ ಊರಿನ ಕಡೆ ಇದಾನೆ ಅಂತ ನಮ್ಮಮ್ಮನಿಗೆ ಹೇಳಬಹುದು.”

“ಅದೇನ್ ಮಹಾ ಬುಡಿ ಮೇಷ್ಟ್ರೆ,” ಎಂದ ಅಪ್ಪ. “ಮೂರ್ ದಿನ ಬುಟ್ಟು ಬನ್ನಿ.”

ಮಾರನೆಯ ದಿನ ಅಪ್ಪ ಇಂಜಿನ್ನಿನ ನಾಲ್ಕು ತಿರುಪು ಬಿಚ್ಚಿ, ಮೇಲಿನ ಕವಚವನ್ನು ಬೇರೆ ಮಾಡಿದ. ಅಕ್ಕಪಕ್ಕದ ಬೆಸುಗೆಗಳು ಬಿಸಿಗೆ ಬಿಟ್ಟುಹೋಗದಂತೆ ಒದ್ದೆ ಜೇಡಿಮಣ್ಣು ಮೆತ್ತಿ, ಊದುಕೊಳವೆಯಿಂದ ಅಳೆದಳೆದು ಊದಿ ಆ ಕೂದಲಿನಂಥ ಕಂಬಿಯನ್ನು ಕೂರಿಸಿದ. ನಮ್ಮ ತಾಲ್ಲೂಕಿನಲ್ಲಿ ಆ ಕೆಲಸ ಇನ್ನೊಬ್ಬರ ಕೈಲಿ ಆಗುತ್ತಿರಲಿಲ್ಲ ಎಂದು ಇವತ್ತಿಗೂ ಹೇಳಬಲ್ಲೆ. ಆದರೆ ಬಿಸಿ ತಾಗಿದ ಕಡೆ ಬಣ್ಣ ಬೊಬ್ಬೆ ಎದ್ದು ಉದುರಿತು. ಒಳಗೆ ಹಳದಿ ಲೋಹ ಮಿಂಚಿತು. ಅಪ್ಪ ಒಳಮೈಯನ್ನು ಅರದಲ್ಲಿ ಒಂದು ಗೀಟು ಗೀಚಿ ನೋಡಿದ.

“ಅಯ್ಯೋ, ಇದು ಇತ್ತಾಳೆ ಕಣಮ್ಮಿ. ಇಂಥ ಕೆಲ್ಸದ ಮ್ಯಾಲೆ ಯಾವನೋ ತಲೆಕೆಟ್ಟೋನು ಬಣ್ಣ ಬಳ್ದವ್ನೆ.”

“ನಂಬರು ಓದಕ್ಕಾಯ್ತದಾ ಅಪ್ಪ?”

ಅವನು ಮಸೂರ ಹಾಕಿಕೊಂಡು ನೋಡಿದ. ಜಿಡ್ಡು, ಮಸಿ, ಬಿರುಕು. ಏನೋ ಇದೆ, ಏನೆಂದು ತಿಳಿಯದು. “ಬಣ್ಣ ಬುಟ್ಟೋಗ್ಲಿ. ಅಚ್ಚು ಒಳಗಿರ್ತದೆ, ಎದ್ ಕಾಣ್ತದೆ,” ಎಂದ. ಹಂಡೆ ಒಲೆಯ ಮೇಲೆ ಪಾತ್ರೆಯಿಟ್ಟು, ಬಟ್ಟೆಸೋಡ ಹಾಕಿ, ಕವಚವನ್ನು ಕುದಿಯಲು ಬಿಟ್ಟ. ಅರ್ಧ ಗಂಟೆಯಲ್ಲಿ ಬಣ್ಣ ಹಾಲಿನ ಕೆನೆಯಂತೆ ಸುರುಟಿ ಎದ್ದಿತು. ಮಿಕ್ಕದ್ದನ್ನು ನಾನು ಹಿತ್ತಲ ಕಲ್ಲಿನ ಮೇಲೆ ಕೂತು ಉಜ್ಜಿದೆ. ಏನನ್ನೂ ನೋಡಲಿಲ್ಲ. ಬೇಗ ಮುಗಿಸಿ ಕುಂಟೆಬಿಲ್ಲೆ ಆಡಲು ಹೋಗಬೇಕಿತ್ತು. ಕಂದು ಬಣ್ಣದ ನೀರು ಬಾಳೆಗಿಡದ ಬುಡಕ್ಕೆ ಹರಿದು ಹೋಯಿತು.

ಇಂಜಿನ್ನು ದೇವರಮನೆಯ ದೀಪದ ಹಾಗೆ ಹೊಳೆಯಿತು. ಅಪ್ಪ ಅದನ್ನು ಕೈಗೆತ್ತಿಕೊಂಡು ಕ್ಯಾಬಿನ ಕೆಳಗೆ ಮಸೂರ ಹಿಡಿದ. ತಿರುಗಿಸಿ ಇನ್ನೊಂದು ಪಕ್ಕ ನೋಡಿದ. ಅಂಗಳಕ್ಕೆ ಹೋಗಿ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದ. ಹೆಬ್ಬೆರಳಿನಿಂದ ಸವರಿದ. ಎರಡೂ ಪಕ್ಕ ನುಣ್ಣಗಿತ್ತು. ಅಚ್ಚು ಇರಲೇ ಇಲ್ಲ. ನಂಬರು, ಹೆಸರು ಎಲ್ಲ ಬರೀ ಬಣ್ಣದಲ್ಲಿ ಬರೆದದ್ದು. ಅಪ್ಪ ಒಂದು ಲೋಟ ನೀರು ಕೇಳಿ ಕುಡಿದು, ಕೆಲಸದ ಮಣೆಯ ಮೇಲೆ ಕೂತವನು ಸಂಜೆವರೆಗೂ ಏನೂ ಮಾಡಲಿಲ್ಲ. ಆ ರಾತ್ರಿ ಉಣ್ಣಲಿಲ್ಲ. ಮಾರನೇ ದಿನವೂ ತಟ್ಟೆ ಮುಂದೆ ಕೂತು ಎದ್ದ. ಅಮ್ಮ ಕೇಳಿದರೆ “ಅಸ್ವಿಲ್ಲ” ಎನ್ನುತ್ತಿದ್ದ. ಗಿರಾಕಿಯ ವಸ್ತುವಿಗೆ ಅವನ ಕೈಯಿಂದ ಕೇಡಾದದ್ದು ಅದೇ ಮೊದಲು.

ಮೂರನೇ ದಿನ ಮೇಷ್ಟ್ರು ಬಂದರು. ಅಪ್ಪ ಎದ್ದು ನಿಂತು ಇಂಜಿನ್ನನ್ನು ಎರಡೂ ಕೈಯಲ್ಲಿ ಕೊಟ್ಟ. ಮೇಷ್ಟ್ರು ಮೊದಲು ಹೊಳಪು ನೋಡಿ ಕಣ್ಣು ಕಿರಿದು ಮಾಡಿದರು. ಆಮೇಲೆ ಕ್ಯಾಬಿನ ಪಕ್ಕ ನೋಡಿದರು.

“ನಂಬರು ಬರೆದಿಟ್ಟಿದೀರಾ ಆಚಾರ್ರೆ?”

ಅಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡ. ಮೇಷ್ಟ್ರು ಇಂಜಿನ್ನನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು. “ಬರೆದಿಟ್ಟಿದೀರಾ ಅಲ್ವಾ?” ಎಂದು ಇನ್ನೊಮ್ಮೆ ಕೇಳಿದರು, ಈ ಸಲ ಮೆಲ್ಲಗೆ. ಆಗ ಅಪ್ಪ ನನ್ನ ಕಡೆ ತಿರುಗಿದ.

“ತೊಳ್ದೋಳು ಇವ್ಳು. ನೀನೇನಾರ ನೋಡಿದ್ಯೇನಮ್ಮಿ?”

ಆ ಪ್ರಶ್ನೆಯನ್ನು ನಾನು ಬದುಕಿಡೀ ಬಿಡಿಸಿ ನೋಡಿದ್ದೇನೆ. ತಪ್ಪನ್ನು ನನ್ನ ತಲೆಗೆ ಕಟ್ಟಲು ಕೇಳಿದನೋ, ಕಾಪಾಡು ಎಂದು ಕೇಳಿದನೋ, ಸುಮ್ಮನೆ ಬಾಯಿಗೆ ಬಂದದ್ದೋ. ಏನಾದರಾಗಲಿ, ಹತ್ತು ವರ್ಷದ ಮಗಳನ್ನು ಆ ಜಾಗದಲ್ಲಿ ನಿಲ್ಲಿಸಬಾರದಿತ್ತು. ಅವನ ಕೆನ್ನೆ ಎರಡು ದಿನದಲ್ಲಿ ಒಳಕ್ಕೆ ಹೋಗಿತ್ತು. ನಾನು ಅದನ್ನೇ ನೋಡುತ್ತ ಹೇಳಿದೆ:

“ನಾಕು ಒಂದು ಏಳು ಎರಡು ಸಾ.”

ಮೇಷ್ಟ್ರು ಜೇಬಿನ ಪುಸ್ತಕ ತೆಗೆದು ಬರೆದುಕೊಂಡರು. “ಸರಿಯಾಗಿ ನೋಡಿದೀಯಾ ಮಗು?”

“ಊ ಸಾ. ಕಿಟಕಿ ಕೆಳಗೇ ಇತ್ತು. ಬಿಳೀ ಬಣ್ಣದಲ್ಲಿತ್ತು.”

“ಹೆಸರು?”

“ಅದು ಅಳ್ಸೋಗಿತ್ತು ಸಾ.”

ಬಿಳಿ ಬಣ್ಣ ಎಂದದ್ದು ಯಾಕೆ, ಹೆಸರು ಅಳಿಸಿಹೋಗಿತ್ತು ಎಂದದ್ದು ಯಾಕೆ, ನನಗೆ ಗೊತ್ತಿಲ್ಲ. ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಒಡವೆ ವಸ್ತ್ರ ತೊಡಿಸುವುದು ತಾನಾಗಿ ಬರುತ್ತದೆ. ಮೇಷ್ಟ್ರು ನನ್ನ ತಲೆ ಸವರಿ, “ಈ ಹುಡುಗಿ ಇಲ್ಲದಿದ್ರೆ ನಮ್ಮ ಸಂಪತ್ತು ಕಳೆದೇಹೋಗ್ತಿದ್ದ” ಎಂದರು. ಅಪ್ಪ ಗೋಡೆಗೆ ಒರಗಿ ಉಸಿರು ಬಿಟ್ಟ. ಆ ಮಧ್ಯಾಹ್ನ ಅವನು ಎರಡು ಮುದ್ದೆ ಉಂಡ.

ನಾನು ಅಡುಗೆಮನೆಯಲ್ಲಿ ತಟ್ಟೆ ಇಡುತ್ತಿದ್ದೆ. ಅಮ್ಮ ಮುದ್ದೆ ಕೋಲು ತೊಳೆಯುತ್ತ, ನನ್ನ ಕಡೆ ನೋಡದೆ ಕೇಳಿದಳು.

“ನಾಕು ಒಂದು ಏಳು ಎರಡು ನಮ್ ರೇಷನ್ ಕಾರ್ಡಿನ್ ಕೊನೇ ನಂಬರಲ್ವೇನೇ?”

ಹಿಂದಿನ ವಾರ ಸೀಮೆಎಣ್ಣೆಗೆ ಸಾಲಿನಲ್ಲಿ ನಿಂತಿದ್ದವಳು ನಾನೇ. ಅಂಗಡಿಯವನು ಆ ನಂಬರು ಕೂಗಿ ಕೂಗಿ ಕರೆದಿದ್ದ. ನನಗೆ ಅಳು ಬಂತು.

“ಓಗಿ ಯೋಳ್ಬುಡ್ಲಾ ಅಮ್ಮ?”

“ಸುಮ್ಕಿರು. ಎಲ್ಡು ದಿನ್ದಿಂದ ಉಪಾಸ ಇದ್ದೋರು ಈಗ ಮುದ್ದೆ ಮುರ್ದವ್ರೆ. ಅವ್ರಿಗೆ ಮೈಯೆಲ್ಲ ಮರ್ವಾದೆ. ಇನ್ನೊಂದ್ಸಲ ಆ ಮನುಷನ್ ಮುಂದೆ ತಲೆ ತಗ್ಸುದ್ರೆ ಮತ್ತೆ ಕೆಲ್ಸಕ್ಕೆ ಕೂರಕಿಲ್ಲ.” ಕೋಲನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡಳು. “ಯಾವ್ದೋ ದೇಸದ್ ಇಂಜಿನ್ನು. ನಂಬರು ಯಾವ್ದಾದ್ರೇನು, ಬುಡು.”

ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಆದರೆ ಅಪ್ಪನಿಗೆ ಋಣ ಇಟ್ಟುಕೊಂಡು ಗೊತ್ತಿಲ್ಲ. ಹದಿನೈದು ದಿನ ಬಿಟ್ಟು, ಇಂಜಿನ್ನನ್ನು ಮತ್ತೆ ತನ್ನಿ ಎಂದು ಮೇಷ್ಟ್ರಿಗೆ ಹೇಳಿಕಳಿಸಿದ. ಅವತ್ತು ಕೆತ್ತುವ ಚಾಣಕ್ಕೆ ಕುಂಕುಮವಿಟ್ಟು, ಕವಚವನ್ನು ಅರಗಿನ ದಿಮ್ಮಿಯ ಮೇಲೆ ಕೂರಿಸಿ, ನನ್ನನ್ನು ಕರೆದು ದಿಮ್ಮಿ ಅಲ್ಲಾಡದಂತೆ ಹಿಡಿದುಕೋ ಎಂದ. ಕ್ಯಾಬಿನ ಕಿಟಕಿಯ ಕೆಳಗೆ, ಎರಡೂ ಪಕ್ಕ, ರಾಗಿಕಾಳಿನಷ್ಟು ಎತ್ತರದ ನಾಲ್ಕು ಅಂಕಿ ಕೆತ್ತಿದ. ನಾಲ್ಕು, ಒಂದು, ಏಳು, ಎರಡು. ಅವನ ಕೈಯಲ್ಲಿ ಅಷ್ಟು ಚೆಂದದ ಅಂಕಿ ನಾನು ಮತ್ತೆ ನೋಡಿಲ್ಲ. ಒಂದೊಂದು ಏಟಿಗೂ ದಿಮ್ಮಿಯ ಅದುರು ನನ್ನ ಅಂಗೈಗೆ ಬರುತ್ತಿತ್ತು. ಮೇಷ್ಟ್ರು ಬಾಗಿ ನೋಡುತ್ತಿದ್ದರು.

“ಇನ್ ಯಾವ್ ನೀರಾಕಿ ಕುದುಸುದ್ರೂ ಓಗಲ್ಲ ಮೇಷ್ಟ್ರೆ,” ಎಂದ ಅಪ್ಪ.

ಇಲ್ಲಿಂದ ಶುರುವಾಯಿತು ನೋಡಿ ನನ್ನ ವನವಾಸ. ಮೇಷ್ಟ್ರು ನನ್ನನ್ನು ತಮ್ಮ ಜೊತೆಗಾರಳನ್ನಾಗಿ ಮಾಡಿಕೊಂಡರು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ಮೈಸೂರಿನ ಗಾಡಿ ಬರುವತನಕ ಬೆಂಚಿನ ಮೇಲೆ ಕೂರಿಸಿ, ರೈಲು ಇಂಜಿನ್ನುಗಳ ಪುಸ್ತಕದ ಚಿತ್ರಗಳನ್ನು ತೋರಿಸುತ್ತಿದ್ದರು. ಡೀಸೆಲ್ ಇಂಜಿನ್ನನ್ನು ಗುರುತು ಹಿಡಿಯುವುದಕ್ಕೆ ಅವರದೊಂದು ಕ್ರಮವಿತ್ತು.

“ಮೊದಲು ಗಾಲಿ ಎಣಿಸು. ಒಂದೊಂದು ತುದಿಗೆ ಎರಡು ಜೊತೆಯೋ ಮೂರು ಜೊತೆಯೋ. ಆಮೇಲೆ ಮೂಗು ನೋಡು, ಕ್ಯಾಬಿನ ಮುಂದಿನ ಗೂಡು ಎತ್ತರವೋ ತಗ್ಗೋ. ಆಮೇಲೆ ನೆತ್ತಿ ಮೇಲಿನ ಫ್ಯಾನು. ಕೊನೆಗೆ ಪಕ್ಕದ ಬಾಗಿಲು, ಅದರಲ್ಲಿ ಗಾಳಿ ಹೋಗೋ ಸೀಳುಗಳು ಎಷ್ಟು ಸಾಲು ಅಂತ. ಬಣ್ಣ ನಂಬಬೇಡ. ಬಣ್ಣ ಯಾರು ಬೇಕಾದ್ರೂ ಬಳೀತಾರೆ.”

ನನಗೆ ಇದೆಲ್ಲ ಬೇಗ ಹತ್ತಿತು. ಅಪ್ಪನ ಮಸೂರದ ಹಿಂದೆ ಬೆಳೆದ ಕಣ್ಣಲ್ಲವೇ. ಗಾಡಿ ಗೇಟಿನ ಹತ್ತಿರ ಇರುವಾಗಲೇ ಯಾವ ಇಂಜಿನ್ನು ಎಂದು ಹೇಳಿಬಿಡುತ್ತಿದ್ದೆ. ಮೇಷ್ಟ್ರಿಗೆ ಹೆಮ್ಮೆ. ಅವರು ಹೆಮ್ಮೆಪಟ್ಟಷ್ಟೂ ನಾನು ಮುಖ ತಿರುಗಿಸಿ ಹಳಿ ನೋಡುತ್ತಿದ್ದೆ. ಅವರ ಮನೆಯ ಇಂಜಿನ್ನಿಗೆ ಒಂದೊಂದು ತುದಿಯಲ್ಲಿ ಎರಡೇ ಜೊತೆ ಗಾಲಿ, ಎತ್ತರದ ಮೂಗು. ಅದು ಎಂಥ ಮಾದರಿ ಎಂದು ಪುಸ್ತಕದಲ್ಲಿ ಬೆರಳಿಟ್ಟು ತೋರಿಸುವಷ್ಟು ಹತ್ತಿರ ಬಂದಿದ್ದೆವು. ಆದರೆ ನಂಬರು ಒಪ್ಪಬೇಕಲ್ಲ. ಮೇಷ್ಟ್ರು ಹೊರದೇಶದ ರೈಲ್ವೆ ಆಫೀಸುಗಳಿಗೆ, ಹವ್ಯಾಸಿಗಳ ಸಂಘಗಳಿಗೆ ಕಾಗದ ಬರೆಯುತ್ತಲೇ ಇದ್ದರು. ಆರು ತಿಂಗಳಿಗೊಂದು, ವರ್ಷಕ್ಕೊಂದು ಉತ್ತರ ಬರುತ್ತಿತ್ತು. ಒಂದು ಕಡೆಯವರು ಆ ನಂಬರಿನದು ಉಗಿಬಂಡಿಯಾಗಿತ್ತು, ಗುಜರಿಗೆ ಹೋಯಿತು ಎಂದರು. ಇನ್ನೊಬ್ಬರು ಆ ನಂಬರಿನ ಡೀಸೆಲ್ಲಿಗೆ ಮೂರು ಮೂರು ಜೊತೆ ಗಾಲಿ ಎಂದರು. ಪ್ರತಿ ಕಾಗದವನ್ನೂ ಮೇಷ್ಟ್ರು ನನಗೇ ಮೊದಲು ಓದಲು ಕೊಡುತ್ತಿದ್ದರು. ಕೊನೆಗೆ ಅವರು ಏನು ತೀರ್ಮಾನ ಮಾಡಿದರು ಗೊತ್ತೆ? ಈ ಪುಟ್ಟ ಇಂಜಿನ್ನು ಮಾಡಿದವನೇ ಗಾಲಿಯ ಲೆಕ್ಕ ತಪ್ಪಿದ್ದಾನೆ ಎಂದು. ಕಣ್ಣೆದುರಿನ ಇಂಜಿನ್ನನ್ನು ಸುಳ್ಳು ಮಾಡಿದರು, ನನ್ನ ಮಾತನ್ನು ನಿಜ ಮಾಡಿದರು.

ಅವರ ಮನೆಗೆ ಒಂದೆರಡು ಸಲ ಹೋಗಿದ್ದೆ. ಹಬ್ಬದ ದಿನ ಅವರ ತಾಯಿ ಎಲ್ಲರ ಸಾಲಿನ ಕೊನೆಯಲ್ಲಿ ಒಂದು ಎಲೆ ಜಾಸ್ತಿ ಹಾಕಿಸಿ, ಅದಕ್ಕೆ ಉಪ್ಪು ಬಡಿಸಿ, ಯಾರನ್ನೂ ಅಲ್ಲಿ ಕೂರಗೊಡುತ್ತಿರಲಿಲ್ಲ. ಸಂಪತ್ತಿನ ಎಲೆ ಅದು. ಮೇಷ್ಟ್ರ ಮಗಳು ಸುಮತಿ ನನಗಿಂತ ಐದು ವರ್ಷ ಚಿಕ್ಕವಳು. ಅವಳು ಒಮ್ಮೆ ಆ ಎಲೆಯ ಮೇಲಿನ ಉಪ್ಪು ನೆಕ್ಕಿ ಅಜ್ಜಿಯಿಂದ ಏಟು ತಿಂದದ್ದನ್ನು ನೋಡಿದ್ದೇನೆ.

ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ಹದಿನೈದು ವರ್ಷದವಳಿದ್ದಾಗ ಒಂದು ಶನಿವಾರ ಬಾಯಿ ಬಿಟ್ಟೆ. “ಸಾ, ಆ ನಂಬರು ನಾನು ಸರಿಯಾಗಿ ನೋಡಿದ್ನೋ ಇಲ್ವೋ ಅಂತ ಅನ್ಮಾನ,” ಎಂದೆ. ಮೇಷ್ಟ್ರ ಮುಖ ಕುಗ್ಗಿತು.

“ಇದು ನನ್ನದೇ ತಪ್ಪಮ್ಮ. ಬಂದ ಕಾಗದನೆಲ್ಲ ನಿನಗೆ ತೋರಿಸಿ ತೋರಿಸಿ ನಿನಗೆ ನಿನ್ನ ಕಣ್ಣ ಮೇಲೇ ಅನುಮಾನ ಬರೋ ಹಾಗೆ ಮಾಡಿದೆ. ನೀನು ನೋಡಿದ್ದು ನಿಜ. ಧೈರ್ಯವಾಗಿರು.”

ಅವರ ಒಳ್ಳೆಯತನದ ಮೇಲೆ ನನಗೆ ಆಗ ಬಂದ ಕೋಪ ಇನ್ನೂ ಇಳಿದಿಲ್ಲ. ಬೈದಿದ್ದರೆ ಹೇಳಿಬಿಡುತ್ತಿದ್ದೆ. ಮನೆಗೆ ಬಂದು ಅಮ್ಮನ ಮೇಲೆ ರೇಗಿದೆ, ತಟ್ಟೆ ತಳ್ಳಿದೆ. ಅಮ್ಮ ತಟ್ಟೆಯನ್ನು ಎತ್ತಿಟ್ಟು, ಮುಂದಿನ ಕೋಣೆಯಲ್ಲಿ ಊದುಕೊಳವೆ ಊದುತ್ತಿದ್ದ ಅಪ್ಪನ ಕಡೆ ಕಣ್ಣು ತೋರಿಸಿದಳು. ಅಪ್ಪ ಆ ನಂಬರು ಕೆತ್ತಿದ ಕಥೆಯನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಳ್ಳುತ್ತಿದ್ದ. “ಅಂತ ತಪ್ಪಾದ್ರೂವೆ ನನ್ ಮಗ್ಳಿಂದ ನೆಟ್ಟಗಾಯ್ತು,” ಎನ್ನುತ್ತಿದ್ದ. ಅವನು ಸಾಯುವತನಕ ಅದೇ ಅವನ ಸಮಾಧಾನವಾಗಿತ್ತು. ಒಬ್ಬರ ಸಮಾಧಾನಕ್ಕೆ ಇನ್ನೊಬ್ಬರನ್ನು ಅಲೆಸುವ ಕೆಲಸವನ್ನು ನಾನು ಮಾಡುತ್ತಿದ್ದೇನೆ ಎಂದು ಗೊತ್ತಿತ್ತು. ಗೊತ್ತಿದ್ದೂ ಏನೂ ಮಾಡಲಿಲ್ಲ.

ಓದು ಮುಗಿದ ಮೇಲೆ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿತು, ಮದುವೆಯಾಗಿ ನಾಗಮಂಗಲಕ್ಕೆ ಬಂದೆ. ಒಂದು ಸರ್ವೆ ನಂಬರನ್ನು ಮೂರು ಸಲ ನೋಡದೆ ಬರೆಯುತ್ತಿರಲಿಲ್ಲ. ಜೊತೆಯವರು ನನ್ನಿಂದ ಕಡತ ಮುಂದಕ್ಕೆ ಹೋಗುವುದಿಲ್ಲ ಎಂದು ಗೊಣಗುತ್ತಿದ್ದರು. ಕಟ್ಟುನಿಟ್ಟಿನ ಹೆಂಗಸು ಎಂದು ಹೆಸರಾಯಿತು. ರಿಟೈರಾದ ದಿನ ಹಾರ ಹಾಕಿದವರೊಬ್ಬರು ಅದನ್ನೇ ಎರಡೆರಡು ಸಲ ಹೇಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ, ಅವರು ಅದನ್ನು ಸಂಕೋಚ ಅಂದುಕೊಂಡರು.

ಈಚೆಗೆ ಫೋನಿನಲ್ಲಿ ಯಾವ ದೇಶದ ಇಂಜಿನ್ನಿನ ಚಿತ್ರ ಬೇಕಾದರೂ ಸಿಗುತ್ತದೆ. ನೆನಪಿನಿಂದಲೇ ಹುಡುಕಿದೆ. ಗಾಲಿ, ಮೂಗು, ಫ್ಯಾನು, ಬಾಗಿಲಿನ ಸೀಳು. ಮೇಷ್ಟ್ರಿಗೆ ಇಡೀ ಆಯುಸ್ಸಿನಲ್ಲಿ ಸಿಗದ ಮಾದರಿ ನನಗೆ ಒಂದು ಸಂಜೆಯಲ್ಲಿ ಸಿಕ್ಕಿತು. ಅದರಿಂದ ಆದ ಪ್ರಯೋಜನ ಮಾತ್ರ ಸೊನ್ನೆ. ಅಂಥ ಇಂಜಿನ್ನುಗಳನ್ನು ಸಾವಿರಗಟ್ಟಲೆ ಮಾಡಿ, ಹತ್ತಾರು ರೈಲ್ವೆಗಳು ಕೊಂಡು ಓಡಿಸಿದ್ದವಂತೆ. ಮೈಕಟ್ಟು ಎಲ್ಲಕ್ಕೂ ಒಂದೇ. ಇದು ಈ ಊರಿನದು ಎಂದು ಹೇಳಬಲ್ಲದ್ದು ಬಣ್ಣ, ಹೆಸರು, ನಂಬರು ಮಾತ್ರ. ಅವು ಮೂರೂ ನಮ್ಮ ಹಿತ್ತಲ ಬಾಳೆಯ ಬುಡಕ್ಕೆ ಹೋಗಿದ್ದವು.

ಮೇಷ್ಟ್ರು ತೀರಿಕೊಂಡ ಸುದ್ದಿ ಹೋದ ವರ್ಷ ಬಂತು. ಈ ವರ್ಷ ಸುಮತಿ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಅವಳ ತಲೆಯೂ ನೆರೆತಿದೆ. ಟವೆಲ್ಲು ಬಿಚ್ಚಿ ಇಂಜಿನ್ನನ್ನು ಮೇಜಿನ ಮೇಲಿಟ್ಟಳು. ಹಿತ್ತಾಳೆ ಕಪ್ಪಿಟ್ಟಿತ್ತು. ಅಂಕಿಗಳು ಹಾಗೇ ಇದ್ದವು.

“ಇದು ನಿಮಗೆ ಸೇರಬೇಕು ಅಂತ ಅಪ್ಪ ಹೇಳಿದ್ರು ಅಕ್ಕ,” ಎಂದಳು. “ಕೊಡೋದಕ್ಕೆ ಮುಂಚೆ ಒಂದು ಸಲ ಫೋನಲ್ಲಿ ಹಾಕಿ ನೋಡಿದೆ. ಇಂಥ ಮಾದರಿಗಳನ್ನೇ ಗುರುತು ಹಿಡಿಯೋರ ಒಂದು ಗುಂಪಿದೆ. ಈ ನಂಬರು ಈ ಇಂಜಿನ್ನಿಗೆ ಯಾರೂ ಹಾಕಿರಲಿಲ್ಲ ಅಂತ ಎಲ್ಲರೂ ಒಂದೇ ಮಾತು ಹೇಳ್ತಿದಾರೆ. ನಿಮಗೇನಾದ್ರೂ ಹೊಳೆಯತ್ತಾ?”

ಕಾಫಿ ಲೋಟ ಅವಳ ಮುಂದಿಟ್ಟು, ಎದುರಿಗೆ ಕೂತು ಹೇಳಿದೆ. ಬಟ್ಟೆಸೋಡದಿಂದ ಹಿಡಿದು ರೇಷನ್ ಕಾರ್ಡಿನವರೆಗೆ ಎಲ್ಲ ಹೇಳಿದೆ. ಅಪ್ಪ ಉಣ್ಣದಿದ್ದದ್ದನ್ನೂ ಹೇಳಿದೆ, ಹೇಳುವಾಗಲೇ ಅದು ನೆಪದಂತೆ ಕೇಳಿ ನನಗೇ ಅಸಹ್ಯವಾಯಿತು. ಸುಮತಿ ಕಾಫಿ ಮುಟ್ಟಲಿಲ್ಲ.

“ನಮ್ಮ ಮನೇಲಿ ಚಿಕ್ಕಪ್ಪನಿಗೆ ಇವತ್ತಿನವರೆಗೂ ತಿಥಿ ಮಾಡಿಲ್ಲ, ಗೊತ್ತಾ?” ಎಂದಳು ಕೊನೆಗೆ. “ನಂಬರು ಕೈಯಲ್ಲಿರೋವಾಗ ಹುಡುಕದೆ ಎಳ್ಳುನೀರು ಬಿಡೋದು ಹೇಗೆ ಅಂತ ಅಪ್ಪ ಬಿಡಲಿಲ್ಲ. ಅಜ್ಜಿ ಸಾಯೋ ದಿನವೂ ನಂಬರು ಸಿಕ್ತಾ ಅಂತ ಕೇಳಿದ್ರು. ಅಪ್ಪನೂ ಆಸ್ಪತ್ರೇಲಿ ನನ್ನ ಕೈಲಿ ಒಂದು ಕಾಗದ ಬರೆಸಿದ್ರು, ಯಾವುದೋ ರೈಲ್ವೆ ಆಫೀಸಿಗೆ. ನೀವು ಒಂದು ಮಾತು ಹೇಳಿದ್ರೆ ಆಗ್ತಿತ್ತು.”

“ತಪ್ಪಾಯ್ತು ಸುಮತಿ.”

“ನಿಜವಾದ ನಂಬರು ಒಂಚೂರೂ ನೆನಪಿಲ್ವಾ? ಒಂದು ಅಂಕಿ?”

“ನೋಡೇ ಇರಲಿಲ್ಲ.”

ಅವಳು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ಇಂಜಿನ್ನನ್ನು ತೆಗೆದುಕೊಳ್ಳಲಿಲ್ಲ. ಬಾಗಿಲಿನವರೆಗೂ ಹೋಗಿ, ಚಪ್ಪಲಿ ಮೆಟ್ಟಿಕೊಂಡು, ತಿರುಗಿ ನಿಂತಳು.

“ಇನ್ನು ಹುಡುಕೋದೇನೂ ಇಲ್ಲ. ಪಶ್ಚಿಮವಾಹಿನೀಲಿ ತಿಥಿ ಮಾಡಿಸಿಬಿಡ್ತೀವಿ. ಅವರು ಯಾವತ್ತು ಹೋದರೋ ನಮಗೆ ಗೊತ್ತಿಲ್ಲವಲ್ಲ, ಒಂದು ದಿನ ನೀವೇ ಹೇಳಿಬಿಡಿ ಅಕ್ಕ. ಆವತ್ತು ನಂಬರು ಹೇಳಿದ್ರಲ್ಲ, ಹಾಗೆ.”

ಸತ್ತ ದಿನ ತಿಳಿಯದವರ ಶ್ರಾದ್ಧಕ್ಕೆ ಮಹಾಲಯ ಅಮಾವಾಸ್ಯೆ ಇದೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಅವಳು ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು.